ಹತ್ತರಲ್ಲಿ ಮೂರು

ಆಂಡರ್ಸನ್‌ಪೇಟೆಯಲ್ಲಿ ಅಂಬಿಕಾ ಬಂಗಾರಪೇಟೆ ಬಸ್ಸಿಗೆ ಕಾಯುತ್ತಿದ್ದಳು. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಆಗಷ್ಟೇ ಬಂದ ಗಂಡ ಹೆಂಡತಿ ಅದೇ ಬೆಂಚಿನಲ್ಲಿ, ನಡುವೆ ಒಂದಾಳು ಜಾಗ ಬಿಟ್ಟು ಕುಳಿತರು.

“ಕರ್ಪೂರ ಮುಟ್ಟಿಸಿ ಆಣೆ ಆಕಿಸ್ತಾರೆ ಅಂತ ಕರ್ಕೊಂಡ್ ಬಂದೆ. ಆ ಆಸ್ಪತ್ರೆ ಮೇಡಮ್ಮು ನಿನ್ನ ಒಂದು ಮಾತೂ ಬೈಲಿಲ್ಲ,” ಅಂದಳು ಹೆಂಡತಿ.

“ಬೈಯಕ್ಕೆ ನೀನಿದ್ದೀಯಲ್ಲ.”

“ಅಷ್ಟೊತ್ತು ಏನು ಕೇಳಿದ್ಲು?”

“ಕುಡಿಯೋದು ಬಿಡೋ ಮನಸ್ಸು ಹತ್ತರಲ್ಲಿ ಎಷ್ಟೈತೆ ಅಂದ್ರು. ಮೂರು ಅಂದೆ.”

“ಥೂ, ಮೂರಂತೆ. ನಾಳೆ ಮಗೀನ ಎತ್ಕೊಂಡು ತೌರಿಗೆ ಓಗ್ತೀನಿ, ಆಗ ಎಷ್ಟಾಗ್ತದೋ ನೋಡು. ಹತ್ತು ಅನ್ನಕ್ಕೇನು ರೋಗ ನಿಂಗೆ?”

“ಅವ್ರು ಅಂಗೆ ಕೇಳ್ಲಿಲ್ಲ. ಸೊನ್ನೆ ಯಾಕೆ ಅನ್ಲಿಲ್ಲ ಅಂತ ಕೇಳಿದ್ರು.”

“ಏನಂದೆ?”

ಅವನು ತನ್ನ ಚಪ್ಪಲಿ ನೋಡಿದ. “ಕುಡಿದು ಅತ್ರ ಓದ್ರೆ ನಮ್ಮ ಹಸು ಕೆಂದಿ ಕೆಚ್ಚಲು ಮುಟ್ಟಕ್ಕೆ ಬಿಡಲ್ಲ ಅಂದೆ. ವಾಸ್ನೆಗೇ ಒದೀತದೆ. ಕರು ಆಗಿದ್ದಾಗಿಂದ ಸಾಕಿದೋನು ನಾನು.”

“ಕಟ್ಕೊಂಡ ಹೆಂಡ್ತಿ ಮಾತಿಗಿಲ್ದ ಬೆಲೆ ಹಸುವಿನ ಒದೆಗೆ ಬಂತಾ?”

“ಅದು ಬೈಯಲ್ಲ.”

ಅಂಬಿಕಾಗೆ ಅಜ್ಜಿ ನೆನಪಾದಳು. ಅವಳ ಕತೆಗಳಲ್ಲಿ ರಾಜರಿಗೆ ಬಗೆಹರಿಯದ ನ್ಯಾಯವನ್ನು ಕೊಟ್ಟಿಗೆಯ ದನಗಳೇ ತೀರಿಸುತ್ತಿದ್ದವು.

ಕ್ಯಾಸಂಬಳ್ಳಿ ಬಸ್ಸು ಬಂತು. ಹೆಂಗಸು ಎದ್ದು ನಿಂತು, ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

“ಸಾಯಂಕಾಲ ಕೆಂದಿ ಹಾಲು ಕರೆಯೋರು ಯಾರು?”

“ನಾನೇ.”

“ಅದು ಒದ್ರೆ?”

“ಒದ್ರೆ ಬೆಳಿಗ್ಗೆ ನೀನು ತೌರಿಗೆ ಓಗು. ತಡೆಯಲ್ಲ.”

ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಅವನು ಹಿಂದಿನ ಬಾಗಿಲಿನಿಂದ.