ಬಾಬಾಸಾಹೇಬ ಪೇಂಟರನ ಕೈ

ಮಾಘದ ಆ ಬೆಳಿಗ್ಗೆ ಕೃಷ್ಣೆಯ ಮಂಜು ಕುಡಚಿ ಬಸ್‌ಸ್ಟ್ಯಾಂಡಿನವರೆಗೂ ಹಬ್ಬಿತ್ತು. ಐನಾಪುರದ ಬಸ್ಸಿಗೆ ಕಾದಿದ್ದ ಮುರಗೆಪ್ಪನ ಪಕ್ಕದಲ್ಲೇ ಬಾಬಾಸಾಹೇಬ ಪೇಂಟರನ ಹೆಂಡತಿ ತಾರವ್ವ ಕೂತಿದ್ದಳು. ಆಕೆಯ ಮೈದುನ ಅಚ್ಚಿಗೆ ಕೊಟ್ಟಿದ್ದ ಕಾಗದದ ಕಟ್ಟೊಂದನ್ನು ಪ್ರೆಸ್ಸಿನ ಅಣ್ಣಾಸಾಬ, ಅವನಿಗೆ ಮುಟ್ಟಿಸಿರೆಂದು ತಂದುಕೊಟ್ಟ. ಆಕೆ ಬಿಚ್ಚಿ ನೋಡಿದಳು.

"ಇದು ನಮ್ಮವರ ಕೈ ಅಲ್ರಿ?"

"ಓದಾಕ ಬರೂದಿಲ್ಲ ಅಂತಿದ್ರಿ, ವೈನಿ?" ಅಣ್ಣಾಸಾಬ ಕೇಳಿದ.

"ಓದಾಕ ಯಾಕ ಬೇಕ್ರಿ? ಬ್ರಶ್ ಎತ್ತೂ ಮುಂದ ಅಕ್ಷರಕ್ಕ ಹಿಂಗ ಬಾಲ ಎಳೀತಿದ್ರು. ಕರುವಿನ ಬಾಲ ಅಂತ ನಾ ನಗ್ತಿದ್ನಿ."

"ಅವರ ಅಕ್ಷರ ಕಂಪ್ಯೂಟರಿಗೆ ಹಾಕೇನ್ರಿ. ಗುಂಡಿ ಒತ್ತಿದ್ರ ಅವರ ಬರದಂಗ ಬರತೈತಿ."

"ಸತ್ತು ವರ್ಷಾತು, ಇನ್ನೂ ಬರ್ಯಾಕತ್ತಾರ! ಏನ್ ಬರದಾರ ಓದ್ರಿ. ನನ್ನ ಹೆಸರು ಐತೇನು?"

ಅಣ್ಣಾಸಾಬ ತಲೆ ತಗ್ಗಿಸಿದ.

"ಓದ್ರಿ ಅಂದ್ನಿ."

"'ಬಾಬಾಸಾಹೇಬ ಪೇಂಟರ್ ಶಿವಾಧೀನರಾಗಿ ಒಂದು ವರ್ಷ...' ಪುಣ್ಯತಿಥಿ ಚೀಟಿ ವೈನಿ. ಅವರ ಅಕ್ಷರದಾಗ ಇದ್ರ ಮರ್ಯಾದಿ ಅಂತ ತಿಳದ್ನಿ."

ಮುರಗೆಪ್ಪ ಮನಸ್ಸಿನಲ್ಲೇ ಶಿವಶಿವಾ ಅಂದುಕೊಂಡ.

"ಜೀವ ಇರೂತನಕ ಸತ್ತವರ ಚೀಟಿ ಒಂದೂ ಬರೀಲಿಲ್ಲ ಅವರು. ಈಗ ತಮ್ಮದ ತಾವ ಬರದಂಗಾತಲ್ರಿ," ಅಂದಳು ತಾರವ್ವ.

"ತಪ್ಪಾತ್ರಿ. ಬ್ಯಾರೆ ಅಕ್ಷರದಾಗ ಮಾಡಿ ಕೊಡ್ತೀನಿ."

"ಇನ್ ಮ್ಯಾಲೆ ಅವರ ಕೈಲೆ ಲಗ್ನಪತ್ರಿಕಿ ಅಷ್ಟ ಬರಸ್ರಿ. ಕೈಮುಗೀತೀನಿ."

ಬಸ್ಸು ಬಂತು. ತಾರವ್ವ ಕಟ್ಟನ್ನು ಅಲ್ಲೇ ಬಿಟ್ಟು ಹತ್ತಿದಳು. ಪೇಂಟರ್ ಬದುಕಿದ್ದಾಗ ಅವನು ಬರೆದ ಅಕ್ಷರಮಾಲೆಯ ಹಾಳೆಯನ್ನು ಅಣ್ಣಾಸಾಬ ನೋಡಿ ಮರಳಿ ಕೊಡುತ್ತೇನೆಂದು ಒಯ್ದಿದ್ದ; ಕಂಪ್ಯೂಟರಿಗೆ ಹಾಕಿದ್ದು ಅದನ್ನೇ. ಅದನ್ನೀಗ ಚೀಲದಿಂದ ತೆಗೆದು, ಕಿಟಕಿಯೊಳಗೆ ಆಕೆಯ ಕೈಗಿಟ್ಟ.