ಮೂರನೇ ಕೂಗು

ಇದು ನನ್ನ ದೊಡ್ಡಮ್ಮನ ಮಗಳು ವರ್ಲೀನಳಿಗೆ ಆದದ್ದು. ಮೊದಲ ಭಾಗ ಅವಳು ಹೇಳಿದ್ದು. ಕೊನೆಯದು ನಾನೇ ಕಂಡದ್ದು. ಎರಡನ್ನೂ ಕಲಸದೆ ಹೇಳುತ್ತೇನೆ.

ಚಳಿಗಾಲ. ಸಂಜೆಗೇ ಕತ್ತಲಾಗಿತ್ತು. ವರ್ಲೀನ್ ಕೋರ್ಟಿನಿಂದ ಮನೆಗೆ ನಡೆದು ಬರುತ್ತಿದ್ದಳು. ಕಾರು ಗಂಡನ ಹತ್ತಿರ ಇತ್ತು. ಗಂಡ ಹಾಯ್ಟ್ ಲೆಡ್‌ಬೆಟರ್. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಜಮೀನಿನ ಗೇಟು ದಾಟಿದರೆ ಬಲಗಡೆ ಹಳೆಯ ಬಾವಿ. ಮೇಲೆ ಸಿಮೆಂಟಿನ ಚಪ್ಪಡಿ, ಚಪ್ಪಡಿಯ ಮೇಲೆ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರ. ಅದರ ನೀರು ಯಾರೂ ಸೇದುತ್ತಿರಲಿಲ್ಲ.

ಬಾವಿ ದಾಟುವಾಗ... ಟಕ್.

ನಿಂತಳು.

ಟಕ್... ಟಕ್. ಕಲ್ಲಿಗೆ ಕಲ್ಲು ತಾಗಿದ ಸದ್ದಲ್ಲ. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಒಳಗಿನಿಂದ.

ಆಮೇಲೆ ಒಂದು ಹೆಂಗಸಿನ ದನಿ. ಬಾಯಲ್ಲಿ ನೀರು ತುಂಬಿಕೊಂಡು ಪಿಸುಗುಟ್ಟಿದ ಹಾಗೆ.

"ಕರೆದ್ರಾ?"

ವರ್ಲೀನ್ ಓಡಲಿಲ್ಲ. 

"ಯಾರನ್ನ?" ಅಂದಳು.

ಚಪ್ಪಡಿಯ ಕೆಳಗೆ ಏನೋ ಮೆಲ್ಲಗೆ ನೀರಿಗೆ ಜಾರಿತು... ಬುಳುಕ್.

ಅವತ್ತು ಅವಳು ಕೋರ್ಟಿಗೆ ಹೋಗಲು ಕಾರಣವಿತ್ತು. ಹಾಯ್ಟ್‌ಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಐವಾ ಜೀನ್ ಯಾರ ಜೊತೆಗೋ ಟೆನ್ನೆಸ್ಸೀ ರಾಜ್ಯಕ್ಕೆ ಓಡಿಹೋದಳು ಎಂದು ಊರೆಲ್ಲ ನಂಬಿತ್ತು. ಆದರೆ ಆ ಚಳಿಗಾಲದ ಶುರುವಿನಲ್ಲಿ ಹಾಯ್ಟ್ ವರ್ಲೀನಳ ಬೆರಳುಗಳನ್ನು ಕಬ್ಬಿಣದ ಒಲೆಯ ಬಾಗಿಲಿಗೆ ಸಿಕ್ಕಿಸಿ ಬಾಗಿಲನ್ನು ಒದ್ದಿದ್ದ. ಸಾರು ಆರಿತ್ತಂತೆ. ಮರುದಿನ ಅತ್ತು ಕ್ಷಮೆ ಕೇಳಿದ. ಮೊದಲನೆಯವಳಿಗೂ ಹೀಗೇ ಮಾಡಿದ್ದನೇ? ಅವಳಿಗೆ ತಿಳಿಯಬೇಕಿತ್ತು. ತಿಳಿದರೆ ಬಿಟ್ಟು ಬರುವ ಮನಸ್ಸು.

ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಯಾರನ್ನು ಯಾವಾಗ ಹಿಡಿದರು, ಕೋರ್ಟಿನಲ್ಲಿ ಏನಾಯಿತು, ಯಾರು ಬೇಕಾದರೂ ನೋಡಬಹುದು. ಕಾನೂನೇ ಹಾಗಿದೆ. ಆದರೆ ಕಂಪ್ಯೂಟರಿನಲ್ಲಿ ಹೊಸದು ಮಾತ್ರ. ಹಳೆಯದು ಬೇಕಾದರೆ ಕೋರ್ಟಿನ ಕೆಳಗಿನ ಕಿಟಕಿಯಲ್ಲಿ ನಿಂತು ದಾಖಲೆ ನೋಡಿಕೊಳ್ಳುವ ಮಿಸ್ ಓಮಾಗೆ ಹೆಸರು ಹೇಳಬೇಕು. ಸ್ವಲ್ಪ ಜೋರಾಗಿ. ಅವರಿಗೆ ಕಿವಿ ಮಂದ.

"ಯಾರದ್ದು ಬೇಕು ಮಗಾ?"

"ಹಾಯ್ಟ್ ಲೆಡ್‌ಬೆಟರ್‌ದು, ಮಿಸ್ ಓಮಾ."

ಮಿಸ್ ಓಮಾ ಕನ್ನಡಕ ಏರಿಸಿ ನೋಡಿದರು. "ನಿನ್ನ ಗಂಡಂದಾ? ಮದ್ವೆಗೆ ಮುಂಚೆ ಬರಬೇಕಿತ್ತಲ್ಲೇ. ಈಗ ನೋಡಿ ಏನ್ ಮಾಡ್ತೀ, ವಾಪಸ್ ಕೊಡ್ತೀಯಾ?"

ಸಾಲಿನಲ್ಲಿದ್ದವರು ನಕ್ಕರು.

"ಯಾರಿಗೂ ಹೇಳ್ಬೇಡಿ."

"ನಾನ್ಯಾರಿಗೆ ಹೇಳ್ಲಿ, ಬಿಡು."

ಮಿಸ್ ಓಮಾ ಕೆಟ್ಟವರಲ್ಲ. ಆದರೆ ಆ ಕಿಟಕಿಯಲ್ಲಿ ಯಾರ ಹೆಸರು ಕೇಳಿದರೂ ಊಟದ ಹೊತ್ತಿಗೆ ಅವನಿಗೆ ಸುದ್ದಿ ಮುಟ್ಟಿರುತ್ತದೆ. ಇದು ವರ್ಲೀನಳಿಗೂ ಗೊತ್ತಿತ್ತು. ಆದರೂ ಕೇಳಿದಳು.

ಸಿಕ್ಕಿದ್ದು ಒಂದೇ ಹಾಳೆ. ಹೆಂಡತಿಯ ದವಡೆ ಮುರಿದದ್ದಕ್ಕೆ ಹಾಯ್ಟ್‌ನ ಬಂಧನ. ಸಾಕ್ಷಿ ಐವಾ ಜೀನ್. ವಿಚಾರಣೆಯ ದಿನ ಸಾಕ್ಷಿಯನ್ನು ಮೂರು ಸಲ ಕೂಗಲಾಯಿತು. ಬರಲಿಲ್ಲ. ಪ್ರಕರಣ ವಜಾ.

ಕೂಗುವುದು ಎಂದರೆ ನಿಜವಾಗಿ ಕೂಗುವುದೇ. ಆರ್ವಿಲ್ ಸ್ಪ್ರೇಬೆರಿ ಎಂಬ ಮುದುಕರು ಕೋರ್ಟಿನ ಮಹಡಿಯ ಕಿಟಕಿ ಎತ್ತಿ, ತಲೆ ಹೊರಹಾಕಿ, ಕೆಳಗಿನ ಹುಲ್ಲುಹಾಸಿಗೆ ಕೇಳುವಂತೆ ಹೆಸರು ಕರೆಯುತ್ತಾರೆ. ಮೂರನೇ ಕೂಗಿಗೂ ಬಾರದಿದ್ದರೆ ಆ ಸಾಕ್ಷಿ ಇಲ್ಲ ಎಂದೇ ಲೆಕ್ಕ.

ಆ ಸಂಜೆ ಬಾವಿ ದಾಟಿ ವರ್ಲೀನ್ ಮನೆಯೊಳಗೆ ಬಂದಾಗ ಹಾಯ್ಟ್ ಮೆಕ್ಕೆಜೋಳದ ರೊಟ್ಟಿಯನ್ನು ಲೋಟದ ಮಜ್ಜಿಗೆಯಲ್ಲಿ ಪುಡಿಮಾಡಿಕೊಂಡು ತಿನ್ನುತ್ತಿದ್ದ.

"ಏನೋ ಓದೋಕೆ ಹೋಗಿದ್ದೆಯಂತೆ," ಅಂದ. "ನಂಗೂ ಓದಿ ಹೇಳು."

ಅವನು ತಿಂದು ಮುಗಿಸಿದ. ಲೋಟ ತೊಳೆದು ಬೋರಲು ಹಾಕಿದ. ಆಮೇಲೆ ಒಲೆ ಕೆದಕುವ ಸಲಾಕೆ ತೆಗೆದುಕೊಂಡ.

ಮೊದಲ ಏಟು ದವಡೆಗೆ. ಒಣಗಿದ ಕೊಂಬೆ ಮುರಿದ ಸದ್ದು ತನ್ನ ತಲೆಯೊಳಗಿನಿಂದಲೇ ಕೇಳಿತಂತೆ. ಎರಡನೆಯದು ಪಕ್ಕೆಗೆ. ಆಮೇಲೆ ಕೂದಲು ಹಿಡಿದು ಮನೆ ಮುಂದಿನ ಮೆಟ್ಟಿಲ ಮೇಲೆ ಹೊರಗೆ ಎಳೆದುಕೊಂಡು ಹೋದ. ಪ್ರತಿ ಮೆಟ್ಟಿಲಿಗೂ ಅವಳ ತಲೆ ಬಡಿಯಿತು. ಬಾವಿಯ ಹತ್ತಿರ ಅವಳನ್ನು ಬಿಟ್ಟು ಕಬ್ಬಿಣದ ಚಕ್ರಕ್ಕೆ ಕೈ ಹಾಕಿದ. ಘರ್... ಘರ್... ಚಕ್ರ ಚಪ್ಪಡಿಯ ಮೇಲೆ ಉಜ್ಜಿತು.

ಅಷ್ಟು ಹೊತ್ತಿಗೆ ನಾನು ಗೇಟಿನೊಳಗೆ ಕಾರು ತಂದೆ. ಮಿಸ್ ಓಮಾ ನನ್ನ ಅಮ್ಮನಿಗೂ ಫೋನ್ ಮಾಡಿದ್ದರು.

ನನ್ನ ಕಾರಿನ ಬೆಳಕಿನಲ್ಲಿ ಹಾಯ್ಟ್ ಚಕ್ರದ ಮೇಲೆ ಕೂತು ಬೆವರು ಒರೆಸಿಕೊಂಡ.

"ಜಾರಿ ಬಿದ್ಳು," ಅಂದ.

ಅವನನ್ನು ಹಿಡಿದರು. ಜಾಮೀನು ಸಿಕ್ಕಿತು. ವರ್ಲೀನ್ ನಮ್ಮ ಮನೆಯಲ್ಲಿದ್ದಳು. ದವಡೆಗೆ ತಂತಿ ಬಿಗಿದಿದ್ದರು. ಬಾಯಿ ತೆರೆಯಲು ಆಗುತ್ತಿರಲಿಲ್ಲ. ಸಣ್ಣ ಕೊಳವೆಯಲ್ಲಿ ಸೂಪು ಹೀರುತ್ತಿದ್ದಳು. ಬಾವಿಯ ಮಾತನ್ನು ಆಗ ಬರೆದು ತೋರಿಸಿದಳು. ನಾನು ನಂಬಲಿಲ್ಲ. ಆದರೆ "ಕರೆದ್ರಾ" ಎಂಬುದು ಮನಸ್ಸಿನಲ್ಲಿ ಉಳಿಯಿತು. ಆರ್ವಿಲ್ ಸ್ಪ್ರೇಬೆರಿಯವರನ್ನು ಹುಡುಕಿಕೊಂಡು ಹೋದೆ. ದನದ ಮೇವಿನ ಅಂಗಡಿಯ ಮುಂದೆ ಕಾಫಿ ಕುಡಿಯುತ್ತಿದ್ದರು.

"ಮಿಸ್ಟರ್ ಆರ್ವಿಲ್, ಐವಾ ಜೀನ್‌ನ ನೀವೇ ಕೂಗಿದ್ದಾ?"

"ಇನ್ಯಾರು ಕೂಗ್ತಾರೆ? ಈ ಗಂಟಲು ಕೌಂಟಿದು. ಮನೇಲಿ ಹೆಂಡ್ತಿ ಹತ್ರ ಮಾತಾಡೋಕೂ ಅಪ್ಪಣೆ ಬೇಕು."

ಬಾವಿಯೊಳಗಿನ ದನಿ ಕೇಳಿದ್ದನ್ನು ಹೇಳಿದೆ. ಅವರ ನಗು ನಿಂತಿತು. ಕಾಫಿ ಕೆಳಗಿಟ್ಟರು. ಆಚೀಚೆ ನೋಡಿ, ನನ್ನ ತೋಳು ಹಿಡಿದು ಹತ್ತಿರ ಎಳೆದರು.

"ಎರಡೇ ಸಲ ಕೂಗ್ದೆ."

"ಹಾಳೆಯಲ್ಲಿ ಮೂರು ಅಂತ ಇದೆ."

"ಬರ್ಕೊಳ್ಳೋರು ಒಳಗಿದ್ರು. ಕಿಟಕಿ ಹತ್ರ ನಾನೊಬ್ನೇ. ಮುಖಕ್ಕೆ ಹಿಮ ಹೊಡೀತಿತ್ತು. ಓಡಿಹೋದ್ಳು ಅಂತ ಹಾಯ್ಟ್ ಆಗ್ಲೇ ಎಲ್ರಿಗೂ ಹೇಳಿದ್ದ. ಇಲ್ದೋರನ್ನ ಎಷ್ಟು ಸಲ ಕೂಗೋದು ಅಂತ... ಕಿಟಕಿ ಹಾಕ್ಬಿಟ್ಟೆ."

ಆಮೇಲೆ ಪಿಸುಗುಟ್ಟಿದರು.

"ಇನ್ನೂ ಕಾಯ್ತಿದಾಳಾ?"

ಇನ್ನು ನಾನು ಕಂಡದ್ದು.

ವಿಚಾರಣೆಯ ದಿನ. ಒಳ್ಳೆಯ ಬಿಸಿಲು. ನೆಲವೆಲ್ಲ ಒಣಗಿತ್ತು. ಕೋರ್ಟಿನ ಹುಲ್ಲುಹಾಸಿನ ಪಕ್ಕ ಕಾರು ನಿಲ್ಲಿಸಿದೆ. ನಾವು ಇಳಿಯುವ ಮೊದಲೇ ಹಿಂದಿನ ಬಾಗಿಲು ತೆರೆದು ಹಾಯ್ಟ್‌ನ ತಮ್ಮ ಡಾಯ್ಲ್ ಒಳಗೆ ಕೂತ. ಪಿಸ್ತೂಲಿನ ಬಾಯಿ ವರ್ಲೀನಳ ಕತ್ತಿಗೆ ತಾಗಿಸಿದ.

"ಎಲ್ಲಿಗೆ ಅವಸರ? ಮೂರು ಕೂಗೂ ಇಲ್ಲೇ ಕೂತು ಕೇಳೋಣ. ಕೇಸು ಬಿದ್ಹೋಗತ್ತೆ. ಅಣ್ಣ ಮನೆಗೆ ಬರ್ತಾನೆ. ಅತ್ತಿಗೇನೂ ಬರ್ತಾರೆ. ಅಲ್ವಾ ಅತ್ತಿಗೆ? ಮಾತಾಡಿ... ಓ, ತಂತಿ ಹಾಕಿದಾರಲ್ಲ."

ನನ್ನ ಕೈ ಹಾರ್ನಿನ ಕಡೆ ಹೋಯಿತು. ಪಿಸ್ತೂಲಿನ ಹಿಡಿಯಿಂದ ಹುಬ್ಬಿನ ಮೇಲೆ ಹೊಡೆದ. ಚರ್ಮ ಸೀಳಿತು. ಎಡಗಣ್ಣಿನ ತುಂಬ ರಕ್ತ.

"ಕಾಲೇಜಲ್ಲಿ ಸುಮ್ನೆ ಕೂರೋದು ಹೇಳ್ಕೊಟ್ಟಿಲ್ವಾ ನಿಂಗೆ?"

ಮಹಡಿಯ ಕಿಟಕಿ ಎದ್ದಿತು. ಕಿರ್ರ್...

"ವರ್ಲೀನ್ ಲೆಡ್‌ಬೆಟರ್..."

ವರ್ಲೀನ್ ಗಂಟಲಿನಿಂದ ಏನೋ ಸದ್ದು ಮಾಡಿದಳು. ಕಾರಿನ ಗಾಜು ದಾಟಲಿಲ್ಲ. ಡಾಯ್ಲ್ ನಕ್ಕ.

"ವರ್ಲೀನ್ ಲೆಡ್‌ಬೆಟರ್..."

ಅವಳ ಕೈ ನನ್ನ ಕೈ ಹಿಡಿದಿತ್ತು. ಇನ್ನೊಂದು ಕೂಗು ಮುಗಿದರೆ ಅವಳು ಮತ್ತೆ ಆ ಬಾವಿಯ ಮನೆಗೆ. ಆರ್ವಿಲ್ ಕೆಳಗೆ ನೋಡುತ್ತಿದ್ದರು. ನಮ್ಮ ಕಾರನ್ನು ಕಂಡರೋ ಇಲ್ಲವೋ ಗೊತ್ತಿಲ್ಲ. ತುಟಿ ಒದ್ದೆ ಮಾಡಿಕೊಂಡರು. ಎರಡೂ ಕೈ ಕಿಟಕಿಯ ಚೌಕಟ್ಟಿಗೆ ಊರಿದರು.

"ಐವಾ ಜೀನ್ ಲೆಡ್‌ಬೆಟರ್..."

ಹುಲ್ಲಿನ ಮೇಲೆ ಸಿಗರೇಟು ಸೇದುತ್ತಿದ್ದವರ ಮಾತು ನಿಂತಿತು.

"ಇಲ್ಲಿದ್ದೀನಿ."

ಜೋರಿನ ದನಿಯಲ್ಲ. ಆದರೆ ಹುಲ್ಲುಹಾಸಿನಲ್ಲಿದ್ದ ಎಲ್ಲರೂ ತಿರುಗಿದರು. ಒಬ್ಬೊಬ್ಬರು ಒಂದೊಂದು ಕಡೆಗೆ.

ಆಮೇಲೆ... ಚಪ್... ಚಪ್... ಚಪ್.

ರಸ್ತೆಯ ಕಡೆಯಿಂದ ಒಣ ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆ. ಬರಿಗಾಲು. ಬೆರಳ ಗುರುತುಗಳೂ ಇದ್ದವು. ಒಂದು ಮೂಡಿದ ಮೇಲೆ ಅದರ ಮುಂದೆ ಇನ್ನೊಂದು. ನಮ್ಮ ಕಾರಿನ ಪಕ್ಕ ಬಂದು ನಿಂತವು. ಡಾಯ್ಲ್‌ನ ಕಡೆಯ ಗಾಜಿನ ಮೇಲೆ ಹೊರಗಿನಿಂದ ಉಸಿರಿನ ಮಂಜು ಕೂತಿತು.

"ಕರೆದ್ರು," ಎಂದಿತು ಪಿಸುಮಾತು.

ಪಿಸ್ತೂಲು ಕೆಳಗೆ ಬಿತ್ತು. ಡಾಯ್ಲ್ ಅದನ್ನು ಎತ್ತಿಕೊಳ್ಳಲಿಲ್ಲ. ನಾವಿಬ್ಬರೂ ಇಳಿದು ಆ ಹೆಜ್ಜೆಗಳ ಹಿಂದೆಯೇ ಹೋದೆವು. ಅವುಗಳ ಮೇಲೆ ಕಾಲಿಡಲಿಲ್ಲ.

ಮೆಟ್ಟಿಲು ಹತ್ತಿ ಕೋರ್ಟಿನ ಬಾಗಿಲಿಗೆ ಬಂದೆವು. ಹೆಜ್ಜೆಗಳು ನಡುವಿನ ದಾರಿಯಲ್ಲಿ ಹೋಗಿ ಸಾಕ್ಷಿಯ ಕುರ್ಚಿಯ ಹತ್ತಿರ ಮುಗಿದವು. ಕುರ್ಚಿ ಕಿರಕ್ ಎಂದಿತು, ಯಾರೋ ಕೂತ ಹಾಗೆ. ಆರ್ವಿಲ್ ಬೈಬಲ್ ತಂದು ಖಾಲಿ ಕುರ್ಚಿಯ ಮುಂದೆ ಹಿಡಿದರು. ನಡುಗುತ್ತಿದ್ದ ಪುಸ್ತಕ ಒಮ್ಮೆಗೇ ಸ್ಥಿರವಾಯಿತು, ಮೇಲಿನಿಂದ ಒತ್ತಿ ಹಿಡಿದಂತೆ.

ಹಾಯ್ಟ್ ಎದ್ದು ನಿಂತ.

"ಮುಚ್ಚಿದ್ದೆ," ಅಂದ. "ಚಕ್ರ ಇಟ್ಟು ಮುಚ್ಚಿದ್ದೆ ನಿನ್ನ."

ಮೇಜು ಹಾರಿ ಬಂದ. ಕುರ್ಚಿಯ ಮೇಲಿನ ಬರಿ ಗಾಳಿಗೆ ಗುದ್ದತೊಡಗಿದ. ಮುಷ್ಟಿ ಕುರ್ಚಿಯ ಬೆನ್ನಿಗೆ ಬಡಿದು ಬೆರಳ ಎಲುಬು ಚರ್ಮ ಸೀಳಿ ಹೊರಬಂತು. ಆದರೂ ಗುದ್ದಿದ. ಇಬ್ಬರು ಪೊಲೀಸರು ಹಿಡಿದೆಳೆದು ಹಿಂದೆ ನಿಲ್ಲಿಸಿದರು. ಅವನ ಎದುರಿಗೆ ಯಾರೂ ಇರಲಿಲ್ಲ. ನಾನು ನೇರವಾಗಿ ನೋಡುತ್ತಿದ್ದೆ.

ಟಕ್.

ಒಣ ಕೊಂಬೆ ಮುರಿದ ಸದ್ದು. ಅವನ ದವಡೆ ಒಂದು ಪಕ್ಕಕ್ಕೆ ಹೋಯಿತು. ಹಲ್ಲುಗಳು ನೆಲದ ಮೇಲೆ ಉರುಳಿದವು. ವರ್ಲೀನ್ ನನ್ನ ಪಕ್ಕದಲ್ಲೇ ನಿಂತಿದ್ದಳು. ತನ್ನ ದವಡೆಯ ತಂತಿಯನ್ನು ಮೆಲ್ಲಗೆ ಮುಟ್ಟಿಕೊಂಡಳು.

ಜಡ್ಜ್ ಬಾಗಿಲಲ್ಲಿದ್ದ ವರ್ಲೀನಳನ್ನು ನೋಡಿದರು. ಕುರ್ಚಿಯನ್ನು ನೋಡಿದರು.

"ಸಾಕ್ಷಿ ಬಂದಿದಾರೆ," ಅಂದರು. "ಬರ್ಕೊಳ್ಳಿ."

ಅದೇ ಸಂಜೆ ಬಾವಿ ತೆರೆದರು. ಚಪ್ಪಡಿ, ಚಕ್ರ ಇದ್ದಲ್ಲೇ ಇದ್ದವು. ನಾಲ್ವರು ಸೇರಿ ಸರಿಸಿದರು. ಐವಾ ಜೀನ್ ಒಳಗಿದ್ದಳು. ಬಾವಿಯ ಒಳಗೋಡೆಗೆ ಇಳಿಯುವ ಕಬ್ಬಿಣದ ಕಂಬಿಗಳಿದ್ದವು, ಮೇಲಿನವರೆಗೂ. ಚಪ್ಪಡಿಯ ಕೆಳಮೈಯಲ್ಲಿ ಉಗುರಿನ ಗೆರೆಗಳು. ಅವನು ಮುಚ್ಚಿದಾಗ ಅವಳು ಸತ್ತಿರಲಿಲ್ಲ.

ಹಾಯ್ಟ್ ಜೈಲಿನಲ್ಲಿದ್ದಾನೆ. ಹೊರಬರುವುದಿಲ್ಲ. ವರ್ಲೀನ್ ನಮ್ಮ ಜೊತೆಗೇ ಇದ್ದಾಳೆ, ಈಗ ರೊಟ್ಟಿ ಅಗಿಯುತ್ತಾಳೆ. ಆರ್ವಿಲ್ ಈಗಲೂ ಕೂಗುತ್ತಾರೆ. ಮಳೆಯಿರಲಿ, ಹಿಮವಿರಲಿ, ಮೂರು ಸಲ.

ಇದು ನಡೆದದ್ದು. ನಂಬದವರು ಕೋರ್ಟಿನ ಕೆಳಗಿನ ಕಿಟಕಿಗೆ ಹೋಗಿ ಕೇಳಬಹುದು. ಹಾಳೆ ತೋರಿಸುತ್ತಾರೆ. ಮಿಸ್ ಓಮಾಗೆ ನಿಮ್ಮ ಹೆಸರು ಹೇಳಬೇಕಾಗುತ್ತದೆ, ಅಷ್ಟೆ. ಅವರ ಹಿಂದೆ ಗೋಡೆಯ ಹತ್ತಿರ ಕೋಣೆ ಬಿಸಿ ಮಾಡುವ ಕೊಳವೆಗಳಿವೆ. ಅವುಗಳ ಮೇಲೆ ಒಂದು ಬೈಬಲ್ ಇಟ್ಟಿದ್ದಾರೆ, ತೆರೆದು. ಅವತ್ತಿನದೇ. ಅವತ್ತಿನಿಂದಲೂ ಅಲ್ಲೇ ಇದೆ.

ಇನ್ನೂ ಒಣಗಿಲ್ಲ.