ಎರಡು ಸಲ ಬಂದ ಸೆಕೆಂಡು

ಸಂಜೆ ಮಾರುಕಟ್ಟೆ ಮುಚ್ಚಿದ ಮೇಲೆ ಶುರುವಾದ ಮಳೆ ರಸ್ತೆಯನ್ನೇ ನುಂಗಿಹಾಕಿತ್ತು. ಷೇರು ವಹಿವಾಟಿನ ಆ ಕಚೇರಿಯ ಏಳೆಂಟು ಮಂದಿ ಮನೆಗೆ ಹೋಗಲಾಗದೆ ಕೆಳಗಿನ ಹಜಾರದಲ್ಲಿ ಒದ್ದೆ ಕೊಡೆಗಳ ನಡುವೆ ಕುಳಿತಿದ್ದರು. ಅವರಲ್ಲಿ ಹಿರಿಯರೆಂದರೆ ಮುದಿ ದಲ್ಲಾಳಿ. ನಿವೃತ್ತರಾಗಿ ವರ್ಷಗಳಾಗಿದ್ದರೂ, ಮನೆಯಲ್ಲಿದ್ದರೆ ಸೊಸೆಯ ಧಾರಾವಾಹಿಗಳಿಗೆ ಬಲಿಯಾಗಬೇಕಾಗುತ್ತದೆಂದು ದಿನವೂ ಇಲ್ಲಿಗೆ ಬಂದು ಹೊಸಬರ ತಲೆ ತಿನ್ನುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು.

ಹೊಸದಾಗಿ ಸೇರಿದ ಲೆಕ್ಕಿಗನೊಬ್ಬ, ಮೂರನೇ ಮಹಡಿಯ ಯಂತ್ರದ ಕೋಣೆಯಲ್ಲಿ ಕೆಲಸ ಮಾಡುವ ಮೇಡಂ ಒಬ್ಬರೇ, ಕುರ್ಚಿ ಮಾತ್ರ ಎರಡು ಯಾಕೆ ಎಂದು ಕೇಳಿದ. ದೊಡ್ಡಪ್ಪ ಕಾಲು ಮಡಚಿ ಸರಿಯಾಗಿ ಕುಳಿತರು. ಇನ್ನು ಇವರನ್ನು ನಿಲ್ಲಿಸುವವರಿಲ್ಲ ಎಂದು ಉಳಿದವರಿಗೆ ಗೊತ್ತಾಯಿತು.

ಅದರಲ್ಲಿ ಕೂತ್ಕೊಂಡಿಲ್ಲ ತಾನೇ ನೀನು? ಇಲ್ವಾ... ಒಳ್ಳೇದಾಯ್ತು. ಅದು ಅವಳಪ್ಪಂದು. ಗಡಿಯಾರದ ಮೇಷ್ಟ್ರು ಅಂತಿದ್ವಿ. ಪಾಠ ಹೇಳಿದೋರಲ್ಲ, ಆದ್ರೂ ಇಡೀ ಕಚೇರಿ ಅವರೆದುರು ಕೈಕಟ್ಟಿ ನಿಲ್ತಿತ್ತು. ಕಂಪ್ಯೂಟರ್ ತಪ್ಪೇ ಮಾಡಲ್ಲ ಅಂತ ನೀವೆಲ್ಲ ನಂಬಿದ್ದೀರಿ, ಅಲ್ವಾ? ಅದರೊಳಗಿನ ಗಡಿಯಾರ ನನ್ನ ಮಂಡಿಗಿಂತ ಕಡೆ... ಸೆಖೆಗೊಂದು ಥರ, ಚಳಿಗೊಂದು ಥರ. ನಮ್ಮ ವ್ಯಾಪಾರದಲ್ಲಿ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಸಾವಿರ ಆರ್ಡರು ಹೋಗಿರುತ್ತೆ, ಯಾರದ್ದು ಮೊದಲು ಅಂತ ಹೇಳೋದು ಸಮಯದ ಮುದ್ರೆ ಒಂದೇ. ಅದಕ್ಕೇ ಮೇಷ್ಟ್ರು ಚಾವಣಿ ಮೇಲೊಂದು ಆಂಟೆನಾ ನಿಲ್ಲಿಸಿ, ಉಪಗ್ರಹದಿಂದ ಸರಿಯಾದ ಸಮಯ ಇಳಿಸ್ಕೊಂಡು, ದಿನವಿಡೀ ಯಂತ್ರಗಳನ್ನ ಅದಕ್ಕೆ ಹೊಂದಿಸ್ತಾ ಕೂತಿರೋರು.

ಅವರದ್ದೊಂದು ಪದ್ಧತಿ. ಗಡಿಯಾರ ಮುಂದೆ ಹೋಗಿದ್ರೆ ಹಿಂದಕ್ಕೆ ತಿರುಗಿಸೋದಿಲ್ಲ... ಯಾವತ್ತೂ ಇಲ್ಲ. ಅದರ ಓಟಾನ ಕೂದಲೆಳೆಯಷ್ಟು ಮೆಲ್ಲಗೆ ಮಾಡಿ, ನಿಜವಾದ ಸಮಯ ಬಂದು ಜೊತೆ ಸೇರೋವರೆಗೂ ಕಾಯೋದು. ಮುಂದೆ ಓಡಿದ ಮಗೂನ ರಟ್ಟೆ ಹಿಡಿದು ಎಳೀಬಾರ್ದು ಅಂತ ಮಗಳಿಗೂ ಹೇಳಿಕೊಟ್ಟಿದ್ರು. ಎಳೆದ್ರೆ ಏನಾಗುತ್ತಪ್ಪ ಅಂದ್ಳಂತೆ ಅವಳು. “ಕಳೆದ ಸೆಕೆಂಡು ಇನ್ನೊಂದು ಸಲ ಬರುತ್ತೆ. ಮೊದಲನೇದನ್ನ ಬದುಕಿರೋರು ಬದುಕಿ ಮುಗಿಸಿರ್ತಾರೆ. ಎರಡನೇದು ಯಾರಿಗೆ ಸೇರಿದ್ದು, ಮಗಳೇ?” ಅಂದ್ರಂತೆ. ತಮಾಷೆ ಅಂದ್ಕೊಂಡ್ಳು.

ಮೇಷ್ಟ್ರು ಹೋದ್ರು. ಆಸ್ಪತ್ರೆಯಿಂದ ಫೋನ್ ಬಂದಾಗ ಅವಳು ಅವರ ಬದಲಿಗೆ ಅದೇ ಕೋಣೇಲಿ ಗಡಿಯಾರ ನೋಡ್ಕೊಳ್ತಾ ಇದ್ಳು. ಕೊನೇ ಮಾತು ಆಡೋಕೂ ಆಗ್ಲಿಲ್ಲ. ಆ ಸಂಕಟ ಅವಳನ್ನ ಒಳಗೇ ತಿಂತಿತ್ತು. ಯಜಮಾನರು ಅಪ್ಪನ ಮುಖ ನೋಡಿ ಕೆಲಸವೇನೋ ಕೊಟ್ರು, ಒಂದೇ ಒಂದು ಸಲ ಎಡವಿದ್ರೂ ಮನೆಗೆ ಅಂತ ಜೊತೆಗೇ ಹೇಳಿದ್ರು. ಮನೇಲೋ, ಇವಳ ಸಂಬಳಾನೇ ನಂಬಿದ ಅಮ್ಮ, ಓದ್ತಿದ್ದ ತಮ್ಮ.

ಒಂದು ಸಲ ರಜೆ ಮುಗಿದು ಮಾರುಕಟ್ಟೆ ತೆರೀತು. ರಜೇಲಿ ಗಾಳಿಗೆ ಆಂಟೆನಾ ವೈರು ಸಡಿಲಾಗಿ, ಕೋಣೆಯ ಏಸಿಯೂ ಕೆಟ್ಟು, ಹೇಳೋರು ಕೇಳೋರಿಲ್ಲದ ಗಡಿಯಾರ ಪೂರ್ತಿ ಒಂದು ಸೆಕೆಂಡು ಮುಂದೆ ಓಡಿತ್ತು. ಅವಳು ಅದನ್ನ ನೋಡೋ ಹೊತ್ತಿಗೆ ವ್ಯಾಪಾರ ಶುರುವಾಗಿಬಿಟ್ಟಿತ್ತು. ಷೇರುಪೇಟೆಯವರ ಫೋನು... ನಿಮ್ಮ ಆರ್ಡರುಗಳ ಮೇಲೆ ಇನ್ನೂ ಬರದ ಸಮಯದ ಮುದ್ರೆ ಇದೆ, ಈಗಿಂದೀಗ ಸರಿಮಾಡಿ, ಇಲ್ಲಾಂದ್ರೆ ಲೈನು ಕತ್ತರಿಸ್ತೀವಿ ಅಂತ. ಯಜಮಾನರು ಬಂದು ಅವಳ ತಲೆ ಮೇಲೇ ನಿಂತ್ರು. ನಾನು ಬಾಗಿಲಲ್ಲಿ. ಅಪ್ಪನ ಹಾಗೆ ಮೆಲ್ಲಗೆ ಮಾಡೋಕೆ ಗಂಟೆಗಟ್ಟಲೆ ಬೇಕು, ಅಷ್ಟು ಪುರುಸೊತ್ತು ಯಾರು ಕೊಡ್ತಾರೆ? ಪಾಪ, ದಿಕ್ಕು ತೋಚದೆ ಗಡಿಯಾರಾನ ಒಂದೇ ಏಟಿಗೆ ಒಂದು ಸೆಕೆಂಡು ಹಿಂದಕ್ಕೆ ತಳ್ಳಿಬಿಟ್ಳು.

ಒತ್ತಿದ ಮೇಲೆ ಹೊಳೀತು ಅವಳಿಗೆ. ನಮ್ಮ ಪ್ರೋಗ್ರಾಮು ಗಡಿಯಾರ ನಂಬ್ಕೊಂಡೇ ನಡೆಯೋದು. ಸಮಯ ಹಿಂದೆ ಹೋದ್ರೆ, ಆಗ ತಾನೇ ಕಳಿಸಿದ್ದನ್ನೆಲ್ಲ ಇನ್ನೂ ಕಳಿಸಿಲ್ಲ ಅಂದ್ಕೊಂಡು ಮತ್ತೆ ಕಳಿಸುತ್ತೆ, ಕೊಂಡಿದ್ದನ್ನೇ ಕೊಳ್ಳುತ್ತೆ. ಕಚೇರಿ ಬಾಗಿಲು ಹಾಕೋಕೆ ಅಷ್ಟು ಸಾಕು.

ಆಗ ಯಂತ್ರಗಳ ಫ್ಯಾನಿನ ಸದ್ದು ನಿಂತೋಯ್ತಂತೆ. ಯಜಮಾನರ ಬೈಗುಳ ಅರ್ಧ ಬಾಯಲ್ಲೇ ಇದೆ. ಮಿಟುಕಿಸೋಕೆ ಮುಚ್ಚಿದ ನನ್ನ ಕಣ್ಣು ತೆರೆದಿಲ್ಲ. ಬೆನ್ನ ಹಿಂದೆ ಕುರ್ಚಿ ಕಿರ್ ಅಂತು. ತಿರುಗಿದ್ರೆ... ಅದೇ ಮಾಸಿದ ಸ್ವೆಟರು, ಮೂಗಿನ ತುದಿಗೆ ಜಾರಿದ ಅದೇ ಕನ್ನಡಕ. ಮುಖದಲ್ಲಿ ಒಂದು ತೊಟ್ಟು ರಕ್ತ ಇಲ್ಲ, ಅಷ್ಟೇ.

“ಸ್ವಲ್ಪ ಜರುಗು, ಮಗಳೇ. ಇದು ನಂಗೆ ಸೇರಿದ್ದು.”

ಬೈಲಿಲ್ಲ. ಅವಳು ತಳ್ಳಿದ್ದನ್ನ ಮೊದಲಿದ್ದ ಜಾಗಕ್ಕೇ ತಂದಿಟ್ಟು, ಓಟಾನ ಮೆಲ್ಲಗೆ ಮಾಡಿ, ಕಾಯ್ತಾ ಕೂತ್ರು. ಗಂಟೆಗಟ್ಟಲೆ ಕೆಲಸ, ಆ ಒಂದೇ ಸೆಕೆಂಡಿನೊಳಗೆ! ಎಂಥ ಮನುಷ್ಯ ನೋಡಿ... ಸತ್ತ ಮೇಲೂ ಅಡ್ಡದಾರಿ ಹಿಡೀಲಿಲ್ಲ. ಈಗಲೂ ನೆನೆಸ್ಕೊಂಡ್ರೆ ಮೈ ಜುಮ್ಮನ್ನುತ್ತೆ ನಂಗೆ, ಹೆದರಿಕೆಗಲ್ಲ. ಅಷ್ಟು ಹೊತ್ತೂ ಅಪ್ಪ ಮಗಳು ಮಾತಾಡಿದ್ರಂತೆ. ಅಮ್ಮನ ಬೆನ್ನುನೋವು, ತಮ್ಮನ ಸೋಮಾರಿತನ, ಆವತ್ತು ಆಸ್ಪತ್ರೆಗೆ ಬರೋಕಾಗಲಿಲ್ವಲ್ಲಪ್ಪ ಅನ್ನೋದು. ಕೊನೆಗೆ ಅವರು ಎದ್ದಾಗ ತೋಳು ಹಿಡ್ಕೊಂಡು, ಇನ್ನೊಂಚೂರು ಇರಪ್ಪ ಅಂತ ಅತ್ತಳು. “ಒಂದು ಸೆಕೆಂಡು ಅಂದ್ರೆ ಒಂದೇ ಸೆಕೆಂಡು ಕಣಮ್ಮ” ಅಂದ್ರು. ಸ್ವಂತ ಮಗಳಿಗೂ ಕಾಸಿನಷ್ಟು ಜಾಸ್ತಿ ಕೊಡ್ಲಿಲ್ಲ.

ನಾನು ಕಣ್ಣು ಬಿಟ್ಟೆ. ಗಡಿಯಾರ ಸರಿಯಾಗಿದೆ, ಒಂದು ಆರ್ಡರೂ ಎರಡು ಸಲ ಹೋಗಿಲ್ಲ. ಯಜಮಾನರು ಮಿಕ್ಕರ್ಧ ಬೈಗುಳ ನುಂಗ್ಕೊಂಡು ಹೊರಟುಹೋದ್ರು. ಆದ್ರೆ ನಾನು ಆಗ ತಾನೇ ತಂದಿಟ್ಟಿದ್ದ ಬಿಸಿಬಿಸಿ ಚಹಾ ತಣ್ಣಗಾಗಿ ಕೆನೆಕಟ್ಟಿತ್ತು. ಅವಳ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಒಂದು ಸೆಕೆಂಡಲ್ಲಿ ಅಷ್ಟು ಅಳೋಕಾಗುತ್ತಾ, ಹೇಳಿ?

ಮೇಷ್ಟ್ರು ಆಮೇಲೆ ಬರಲೇ ಇಲ್ಲವೇ ಎಂದು ಲೆಕ್ಕಿಗ ಕೇಳಿದ. ದೊಡ್ಡಪ್ಪ ಕತ್ತೆತ್ತಿ ಮೇಲೆ ನೋಡಿದರು. ಮೆಟ್ಟಿಲ ಸಂದಿಯಿಂದ ಮೂರನೇ ಮಹಡಿಯ ಬೆಳಕು ಕಾಣುತ್ತಿತ್ತು.

ವ್ಯಾಪಾರ ನಡೀವಾಗ ಅವಳು ಗಡಿಯಾರಾನ ಹಿಂದಕ್ಕೆ ತಳ್ಳಿದ್ದು ಅದೇ ಮೊದಲು, ಅದೇ ಕೊನೆ. ಅಪ್ಪನಷ್ಟೇ ಕಟ್ಟುನಿಟ್ಟು ಅವಳೂ. ಆದ್ರೆ ಮಾರುಕಟ್ಟೆ ಮುಚ್ಚಿ, ಪ್ರೋಗ್ರಾಮೆಲ್ಲ ನಿಂತು, ಯಾರಿಗೂ ನಷ್ಟವಿಲ್ಲದ ಹೊತ್ತಲ್ಲಿ... ಮಗಳ ಮನಸ್ಸು ತಾನೇ? ಅವಳಮ್ಮ ನಿನ್ನೆಯಿಂದ ಆಸ್ಪತ್ರೇಲಿದ್ದಾರೆ. ಅಪ್ಪನ ಹತ್ರ ಹೇಳ್ಕೊಳ್ಳೋದು ಬಹಳ ಇರುತ್ತೆ. ನಿಮಗೆ ಒಂದೊಂದ್ಸಲ ಅನ್ನಿಸಲ್ವಾ... ಈ ಗಳಿಗೆ ಈಗ ತಾನೇ ಕಳೀತಲ್ಲ, ಮತ್ತೆ ಹೇಗೆ ಬಂತು ಅಂತ?

ನಂಗೆ ಇವತ್ತು ಇಲ್ಲಿ ಕೂತ ಮೇಲೇ ಎರಡು ಸಲ ಹಾಗಾಯ್ತು.